ಕೆಂಪುಕಾಳಿನ ಅನ್ನ

ಈದಾ, ನಾಗಾನೊ
ಮಾರ್ಚ್ 9, ಭಾನುವಾರ

ಮಿಸುಜು ಅಕ್ಕನಿಗೆ,

ಮೇಲೆ ‘ಪ್ರೀತಿಯ’ ಅಂತ ಬರೆದು ಹೊಡೆದು ಹಾಕಿದ್ದೇನೆ. ಕಾಣಿಸಿದರೆ ಕಾಣಿಸಲಿ. ಹೇಗಿದ್ದೀಯ? ಸಪ್ಪೊರೊದಲ್ಲಿ ಇನ್ನೂ ಹಿಮ ಬೀಳುತ್ತಿದೆ ಅಂತ ಟೀವಿಯಲ್ಲಿ ತೋರಿಸಿದರು. ಚಳಿಗೆ ನಿನ್ನ ಎಡ ಸೊಂಟ ಹಿಡಿದುಕೊಳ್ಳುತ್ತದಲ್ಲ, ಬಿಸಿನೀರಿನ ತೊಟ್ಟಿಯಲ್ಲಿ ಸ್ವಲ್ಪ ಹೊತ್ತು ಹೆಚ್ಚಾಗಿಯೇ ಕೂರು. ಭಾವ ಆರಾಮಾಗಿದ್ದಾರಾ? ನಿನ್ನ ಮುದ್ದು ಮಗಳು ರಿನೋಗೆ ಬಿದ್ದ ಮುಂದಿನ ಹಲ್ಲು ಮತ್ತೆ ಬಂತಾ? ಇಲ್ಲಿ ಅಜ್ಜಿ ಗಟ್ಟಿಯಾಗಿದ್ದಾರೆ. ಸೂರಿಗೆ ತೂಗುಹಾಕಿ ಒಣಗಿಸಿದ ಪರ್ಸಿಮನ್ ಹಣ್ಣಿನ ಕೊನೆಯ ಸರವನ್ನು ಯಾರಿಗೂ ಕೊಡದೆ ನನಗೇ ತಿನ್ನಿಸುತ್ತಿದ್ದಾರೆ. ಬೇಡ ಅಂದರೆ, “ಬಾಯಿ ಮುಚ್ಚು” ಅನ್ನುತ್ತಾರೆ. ಬಾಯಿ ಮುಚ್ಚಿಕೊಂಡು ಹಣ್ಣು ತಿನ್ನುವುದು ಹೇಗೋ ಅವರೇ ಹೇಳಬೇಕು.

ಇಷ್ಟು ದಿನ ನಿನ್ನ ಫೋನು ಎತ್ತಲಿಲ್ಲ. ಕಾಲು ಮುರಿದ ಬೇಜಾರಿಗೆ ಅಂತ ನೀನು ಅಜ್ಜಿಯ ಹತ್ತಿರ ಹೇಳಿದೆಯಂತೆ. ಅಲ್ಲ. ನವೆಂಬರಿನ ರಿಲೇ ಓಟದಲ್ಲಿ ಏನಾಯಿತು ಅಂತ ನಿನಗೆ ಗೊತ್ತು: ಕೊನೆಯ ಏರಿನಲ್ಲಿ ತೊಡೆಯ ಮೂಳೆ ಸೊಂಟಕ್ಕೆ ಸೇರುವ ಕಡೆ ಏನೋ ಚಟ್ ಅಂದಿತು. ತಂಡದ ಹೆಗಲ ಪಟ್ಟಿಯನ್ನು ಮುಂದೆ ಓಡುವವಳ ಕೈಗೆ ಕೊಡದೆ ಬೀಳಬಾರದು ಅಂತ ಚಿಕ್ಕಂದಿನಿಂದ ಕಿವಿಯಲ್ಲಿ ಊದಿದವಳು ನೀನೇ ತಾನೆ? ಕುಂಟಿಕೊಂಡೇ ಹೋಗಿ ಕೊಟ್ಟೆ, ಆಮೇಲೆ ಬಿದ್ದೆ. ಕೋಚ್ ಮುರಾಸೆ ಮೊದಲು ಪಟ್ಟಿ ಹೋದ ದಿಕ್ಕು ನೋಡಿದರು, ಆಮೇಲೆ ನನ್ನನ್ನು. ನನಗೆ ಅವರ ಮೇಲೆ ಅಷ್ಟೇನೂ ಸಿಟ್ಟಿಲ್ಲ, ಅವರು ಹೊರಗಿನವರು.

ಆಸ್ಪತ್ರೆಯ ಹಿರಾನೊ ಡಾಕ್ಟರಮ್ಮ ನನ್ನ ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, “ಎಂಥಾ ಹೃದಯ ಕಣೇ ನಿಂದು! ಒಂದೊಂದು ಬಡಿತಕ್ಕೂ ಎಷ್ಟು ರಕ್ತ ತಳ್ಳುತ್ತೆ!” ಅಂದರು. ಮೂಳೆಯ ಚಿತ್ರ ನೋಡಿ, “ಇದನ್ನ ನೋಡಿದ್ರೆ ಮಾತ್ರ ನಮ್ಮಮ್ಮನ ನೆನಪಾಗುತ್ತೆ” ಅಂದರು. ಅವರಮ್ಮನಿಗೆ ಎಂಬತ್ತು. ನಾನು ನಕ್ಕೆ, ಅವರು ನಗಲಿಲ್ಲ. ಹಾಸಿಗೆಯ ತುದಿಯಲ್ಲಿ ಕೂತು ವಿವರಿಸಿದರು. ಓಡಿದಷ್ಟೂ ಹೃದಯ, ಸ್ನಾಯು, ಮೂಳೆ ಎಲ್ಲವೂ ಬಲಿಯುತ್ತವಂತೆ, ಆದರೆ ಬಲಿಯಲು ಎಲ್ಲಕ್ಕೂ ಊಟ ಬೇಕು. ತಟ್ಟೆಯಲ್ಲಿ ಅನ್ನ ಅರ್ಧವಾದರೆ ದೇಹ ಉಳಿತಾಯಕ್ಕೆ ಇಳಿಯುತ್ತದೆ. ಉಸಿರನ್ನೂ ಹೃದಯವನ್ನೂ ಅದು ಕೈಬಿಡುವ ಹಾಗಿಲ್ಲ, ಹಾಗಾಗಿ ಮೊದಲು ಮುಟ್ಟನ್ನು ನಿಲ್ಲಿಸುತ್ತದೆ. ಮುಟ್ಟು ತರುವ ಹಾರ್ಮೋನೇ ಮೂಳೆಯನ್ನೂ ಕಾಯುವುದು. ಓಟದಲ್ಲಿ ಮೂಳೆಗೆ ಆಗುವ ಸಣ್ಣ ಸಣ್ಣ ಗಾಯಗಳನ್ನು ದೇಹ ವಿಶ್ರಾಂತಿಯಲ್ಲಿ ಸರಿಮಾಡಿಕೊಳ್ಳುತ್ತದೆ. ನನ್ನೊಳಗೆ ಆ ದುರಸ್ತಿ ಹಿಂದೆ ಬಿದ್ದು ಎಷ್ಟೋ ತಿಂಗಳಾಗಿತ್ತು. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಹರಿಯುತ್ತದೆ, ಅಷ್ಟೇ ವಿಷಯ. “ಮುಟ್ಟು ನಿಂತಾಗ ಯಾರಿಗಾದ್ರೂ ಹೇಳಿದ್ಯಾ?” ಅಂತ ಕೇಳಿದರು. ನಾನು ಇಲ್ಲ ಅಂದೆ. ನಿನ್ನನ್ನು ಕಾಪಾಡಲು ಸುಳ್ಳು ಹೇಳಿದೆ ಅಕ್ಕ.

ಹೇಳಿದ್ದೆನಲ್ಲ! ಹಾಸ್ಟೆಲಿನ ಒಗೆಯುವ ಕೋಣೆಯಲ್ಲಿ, ಮಷೀನು ತಿರುಗುವ ಸದ್ದಿನಲ್ಲಿ ಅಡಗಿಕೊಂಡು ನಿನಗೊಬ್ಬಳಿಗೇ ಫೋನು ಮಾಡಿದ್ದೆ. ಎಷ್ಟೋ ತಿಂಗಳಿಂದ ಬಂದಿಲ್ಲ, ಹೆದರಿಕೆಯಾಗುತ್ತಿದೆ ಅಂದೆ. ನೀನು ಏನಂದೆ? “ಅಭಿನಂದನೆ ಕಣೇ! ಈಗ ನೀನು ನಿಜವಾದ ಓಟಗಾರ್ತಿ. ಅಜ್ಜಿಗೆ ಹೇಳ್ಬೇಡ, ಸುಮ್ನೆ ಗಾಬರಿಯಾಗ್ತಾರೆ.” ಆವತ್ತು ನಾನು ಖುಷಿಯಿಂದ ಮಲಗಿದೆ. ಮಾರನೆಯ ದಿನ ಕೋಚ್ ಅರ್ಧ ಬಟ್ಟಲು ಅನ್ನ ಸಾಕು ಅಂದಾಗ ಅದರಲ್ಲೂ ಒಂದು ತುತ್ತು ಬಿಟ್ಟೆ.

ಪಾಪ, ನಿನಗೂ ಗೊತ್ತಿರಲಿಲ್ಲ ಬಿಡು ಅಂತ ಆಸ್ಪತ್ರೆಯಲ್ಲಿ ನಿನ್ನ ಪರವಾಗಿ ಮನಸ್ಸಿನಲ್ಲೇ ವಾದ ಹೂಡಿದ್ದೆ. ಅಷ್ಟರಲ್ಲಿ, ನೀನು ಅಲ್ಲಿ ಓಡುತ್ತಿದ್ದಾಗಿನಿಂದಲೂ ಹಾಸ್ಟೆಲಿನ ಅಡುಗೆ ಮಾಡುವ ತಾಮಿಯೆ ಆಂಟಿ ನೋಡಲು ಬಂದರು. ನನ್ನ ಕಾಲು ನೋಡಿದ್ದೇ ಗಳಗಳ ಅತ್ತುಬಿಟ್ಟರು. “ಅಯ್ಯೋ ಮಗಳೇ, ನಿಮ್ಮಕ್ಕಂಗೂ ಇದೇ ಜಾಗ, ಇದೇ ಮೂಳೆ! ಡಾಕ್ಟ್ರು ಆಗ್ಲೇ ಬೈದಿದ್ರು, ಮುಟ್ಟು ನಿಂತದ್ದಕ್ಕೇ ಹಿಂಗಾಯ್ತು ಅಂತ. ಯಾರಿಗೂ ಹೇಳ್ಬೇಡಿ ಆಂಟಿ ಅಂತ ನನ್ ಕೈ ಹಿಡ್ಕೊಂಡಿದ್ಲು.” ನಮಗೆ ನೀನು ಹೇಳಿದ್ದೇನು? ನಿಲ್ದಾಣದ ಮೆಟ್ಟಿಲ ಮೇಲೆ ಮಂಜಿಗೆ ಕಾಲು ಜಾರಿತು ಅಂತ. ಇಷ್ಟು ವರ್ಷವೂ ಅಜ್ಜಿ ಆ ಕಡೆ ಹೋದಾಗಲೆಲ್ಲ ಆ ಮೆಟ್ಟಿಲಿಗೆ ಬೈದುಕೊಂಡೇ ಇಳಿಯುತ್ತಾರೆ. ಪಾಪದ ಮೆಟ್ಟಿಲು.

ನನಗೆ ಅಮ್ಮನ ಮುಖ ನೆನಪಿಲ್ಲ. ಅಮ್ಮ ಅಂದರೆ ನನಗೆ ನೀನೇ. ಮೊದಲ ಸಲ ಮುಟ್ಟಾದಾಗ ನಾನು ಬಚ್ಚಲಿನಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದರೆ, ನೀನು ಶುಭದಿನಕ್ಕೆ ಮಾಡುವ ಹಾಗೆ ಕೆಂಪುಕಾಳು ಹಾಕಿ ಅನ್ನ ಮಾಡಿ, ಪಕ್ಕದ ಮನೆಗೂ ಹಂಚಿ ನನ್ನ ಮಾನ ಹರಾಜು ಹಾಕಿದ್ದೆ. ಬಂದಾಗಲೂ ಅಭಿನಂದನೆ ಹೇಳಿದೆ, ನಿಂತಾಗಲೂ ಹೇಳಿದೆ. ಯಾವುದನ್ನು ನಂಬಲಿ? ನಿನ್ನ ಸೊಂಟ ದಿನಾ ನಿನಗೆ ನಿಜ ಹೇಳುತ್ತಿತ್ತು. ಅದು ಗೊತ್ತಿದ್ದೂ ನನ್ನನ್ನು ಅದೇ ಶಾಲೆಗೆ, ಅದೇ ಕೋಚಿನ ಕೈಗೆ ಕೊಟ್ಟೆ. ಶತ್ರುಗಳೂ ಹೀಗೆ ಮಾಡುವುದಿಲ್ಲ ಅಕ್ಕ. ತುಂಬಾ ನೋವಾಗಿದೆ, ಕಾಲಿಗಿಂತ ಹೆಚ್ಚು.

ಅಜ್ಜಿ ಎಲ್ಲರಿಗೂ ಆಶೀರ್ವಾದ ತಿಳಿಸಿದ್ದಾರೆ. ಮೆಟ್ಟಿಲಿನ ನಿಜವನ್ನು ಅವರಿಗೆ ಇನ್ನೂ ಹೇಳಿಲ್ಲ, ಅದು ನಿನ್ನ ಕೆಲಸ. ಭಾವನಿಗೆ ನಮಸ್ಕಾರ, ರಿನೋಗೆ ಮುದ್ದು. ನಿನಗೆ ಏನು ಬರೆಯಬೇಕೋ ತಿಳಿಯುತ್ತಿಲ್ಲ, ಜಾಗ ಬಿಟ್ಟಿದ್ದೇನೆ.

ಇಂತಿ,
ಕೊಹಾರು

ಮರೆತೆ: ಇವತ್ತು ಬೆಳಿಗ್ಗೆ ನನಗೆ ಮತ್ತೆ ಮುಟ್ಟು ಬಂತು. ಖುಷಿಗೆ ಬೆರಳು ತಾನಾಗಿ ನಿನ್ನ ನಂಬರಿಗೇ ಹೋಯಿತು, ಆಮೇಲೆ ಹೋದ ಸಲದ್ದು ನೆನಪಾಗಿ ಫೋನು ಕೆಳಗಿಟ್ಟೆ. ಅಜ್ಜಿ ಕೆಂಪುಕಾಳು ಬೇಯಲು ಇಟ್ಟಿದ್ದಾರೆ. ಹೊಸವರ್ಷಕ್ಕೆ ಕಳಿಸಿದ ಫೋಟೋದಲ್ಲಿ ರಿನೋ ಓಟದ ಚಡ್ಡಿ ಹಾಕಿಕೊಂಡು ನಿಂತಿದ್ದಾಳೆ. ‘ಚಿಕ್ಕಮ್ಮನ ಕಾಲೇ ಬಂದಿದೆ’ ಅಂತ ಅದರ ಹಿಂಬದಿಯಲ್ಲಿ ಬೇರೆ ಬರೆದಿದ್ದೀಯ. ಓಡಲಿ, ಬೇಡ ಅನ್ನುವುದಿಲ್ಲ. ಆದರೆ ನೀನು ಯಾವ ಮೆಟ್ಟಿಲಿನಿಂದಲೂ ಬೀಳಲಿಲ್ಲ ಅಂತ ಅವಳಿಗೆ ಹೇಳು. ಹೇಳಿದ ದಿನ ನನಗೆ ಫೋನು ಮಾಡು, ಎತ್ತುತ್ತೇನೆ.