ಕ್ಲಚ್ಚೇ ಇಲ್ಲದ ಟ್ರ್ಯಾಕ್ಟರಿಗೆ ಕ್ಲಚ್ ಪರೀಕ್ಷೆ

ಕಿರು ಟ್ರ್ಯಾಕ್ಟರ್ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನಿವಾಳದ ಚಿನ್ನಕ್ಕನವರ ಅರ್ಜಿಯನ್ನು ತಾವು ತಿರಸ್ಕರಿಸಿದ್ದೀರಿ. ಕಾರಣ ಒಂದೇ ಸಾಲು: ‘ಅರ್ಜಿದಾರರು ಎಡಗಾಲಿನಿಂದ ಕ್ಲಚ್ ತುಳಿಯಲು ಅಸಮರ್ಥರಾದ್ದರಿಂದ ಅನರ್ಹರು.’ ಅವರು ಕೇಳಿದ ಟ್ರ್ಯಾಕ್ಟರಿನಲ್ಲಿ ಕ್ಲಚ್ ಪೆಡಲೇ ಇಲ್ಲ. ಇಲ್ಲದ ಪೆಡಲನ್ನು ತುಳಿಯಲಾರದ ಅಪರಾಧಕ್ಕೆ ಶಿಕ್ಷೆ ಅನುಭವಿಸುತ್ತಿರುವವರು ಈ ಜಿಲ್ಲೆಯಲ್ಲಿ ಬಹುಶಃ ಅವರೊಬ್ಬರೇ. ಈಜು ಬಾರದವರಿಗೆ ಬಸ್ ಪಾಸ್ ಕೊಡುವುದಿಲ್ಲ ಎಂಬ ಆದೇಶವನ್ನೂ ತಾವು ಹೊರಡಿಸುವ ಮೊದಲೇ ನಾಲ್ಕು ಮಾತು ಬರೆದುಬಿಡೋಣವೆಂದು ಕೂತಿದ್ದೇನೆ.

ನಾನು ಚಳ್ಳಕೆರೆಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವವನು. ಕಸುಬು ಅಪ್ಪ ಬುಡೇನ್ ಸಾಬರಿಂದ ಬಂತು. ನಿಮ್ಮ ಯೋಜನೆಯಲ್ಲಿ ರೈತರಿಗೆ ಹಂಚಲು ಬಂದ ಆರು ಸಣ್ಣ ಟ್ರ್ಯಾಕ್ಟರುಗಳಲ್ಲಿ ಐದು ಗೇರಿನವು, ಒಂದು ಹೈಡ್ರೋಸ್ಟಾಟಿಕ್. ಗೇರಿನದರಲ್ಲಿ ಎಂಜಿನ್ನಿನ ಬಲ ಹಲ್ಲಿನ ಚಕ್ರಗಳ ಮೂಲಕ ಗಾಲಿಗೆ ಹೋಗುತ್ತದೆ. ಗೇರು ಬದಲಿಸುವಾಗಲೆಲ್ಲ ಎಡಗಾಲು ಕ್ಲಚ್ಚಿನ ಮೇಲಿರಬೇಕು. ಇನ್ನೊಂದರಲ್ಲಿ ಒತ್ತಡದ ಎಣ್ಣೆಯೇ ಗಾಲಿ ತಿರುಗಿಸುತ್ತದೆ. ಬಲಗಾಲಿನಲ್ಲಿ ಪೆಡಲನ್ನು ಮುಂದಕ್ಕೆ ಒತ್ತಿದರೆ ಮುಂದೆ, ಹಿಂದಕ್ಕೆ ಒತ್ತಿದರೆ ಹಿಂದೆ, ಕಾಲೆತ್ತಿದರೆ ನಿಂತಿತು. ನಮ್ಮ ಜನ ಅದಕ್ಕೆ ಎಣ್ಣೆ ಟ್ರ್ಯಾಕ್ಟರ್ ಎಂದು ಹೆಸರಿಟ್ಟರು.

ನಾನು ಎಣ್ಣೆ ಟ್ರ್ಯಾಕ್ಟರಿನ ಏಜೆಂಟನಲ್ಲ. ಗಟ್ಟಿ ನೆಲವನ್ನು ಆಳವಾಗಿ ಉಳಬೇಕೇ, ಗೇರಿನದೇ ಸರಿ. ಡೀಸೆಲ್ ಕಡಿಮೆ ಕುಡಿಯುತ್ತದೆ, ಕೆಟ್ಟರೆ ಯಾವ ಊರಿನ ಮರದ ಕೆಳಗಾದರೂ ಬಿಚ್ಚಿ ಕಟ್ಟಬಹುದು. ಎಣ್ಣೆಯದು ಭಾರ ಎಳೆಯುವಾಗ ಬಿಸಿಯಾಗುತ್ತದೆ, ಅದರ ಪಂಪು ಹೋದರೆ ನಾನೂ ಕೈ ಎತ್ತಬೇಕು. ಮೇಲಾಗಿ ರೈತರ ಕ್ಲಚ್ ಪ್ಲೇಟು ಸವೆದರೇನೇ ನನ್ನ ಮನೆಯಲ್ಲಿ ಅನ್ನ ಬೇಯುವುದು. ಇಂಥವನು ಎಣ್ಣೆ ಟ್ರ್ಯಾಕ್ಟರಿನ ಪರ ವಾದಿಸುತ್ತಿದ್ದಾನೆಂದರೆ ತಾವು ಮಾಡಿದ ಕೆಲಸ ಎಷ್ಟು ಘನವಾದದ್ದೆಂದು ಊಹಿಸಿ.

ಚಿನ್ನಕ್ಕನವರಿಗೆ ಮೂರು ವರ್ಷದವರಿದ್ದಾಗ ಪೋಲಿಯೋ ಆಗಿ ಎಡಗಾಲು ಸೊರಗಿತು. ಅವ್ವನ ಕಡೆಯಿಂದ ಬಂದ ನಾಲ್ಕು ಎಕರೆಯಲ್ಲಿ ದಾಳಿಂಬೆ ಹಾಕಿದ್ದಾರೆ. ಗಂಡ ಪಾತಣ್ಣನಿಗೆ ಮೊಳಕಾಲ್ಮೂರಿನಲ್ಲಿ ಮಗ್ಗದ ಕೆಲಸ. ವಾರಕ್ಕೊಮ್ಮೆ ಊರಿಗೆ ಬರುತ್ತಾನೆ. ತೋಟವೆಲ್ಲ ಈಕೆಯದೇ. ಆಳವಾಗಿ ಉಳುವ ಕೆಲಸ ಅಲ್ಲಿಲ್ಲ. ಸಾಲಿನ ನಡುವೆ ಕಳೆ ತೆಗೆಯಬೇಕು, ಔಷಧಿ ಹೊಡೆಯಬೇಕು, ಸಾಲಿನ ಕೊನೆಯಲ್ಲಿ ನಿಂತು, ಹಿಂದೆ ಬಂದು, ತಿರುಗಬೇಕು. ಎಣ್ಣೆ ಟ್ರ್ಯಾಕ್ಟರ್ ಹುಟ್ಟಿದ್ದೇ ಇಂಥ ಕೆಲಸಕ್ಕೆ.

ಇನ್ನು, ತಾವು ಮರೆಯಲು ಬಯಸುವ ಆ ಪ್ರಾತ್ಯಕ್ಷಿಕೆಯ ದಿನಕ್ಕೆ ಬರೋಣ. ಕಳೆದ ವರ್ಷ, ಎರಡು ಸಾವಿರದ ಏಳರ ಫೆಬ್ರವರಿ. ನನ್ನಿವಾಳದ ಬಯಲಿನಲ್ಲಿ ಶಾಮಿಯಾನ ಹಾಕಿತ್ತು. ಕಂಪನಿಯ ಹುಡುಗ ವಿವರಿಸಿ ಮುಗಿಸುವ ಮೊದಲೇ ‘ಇದರಲ್ಲೇನು ಮಹಾ’ ಎಂದು ತಾವೇ ಹತ್ತಿದಿರಿ. ಟ್ರ್ಯಾಕ್ಟರ್ ಹೊರಟಿತು. ನಿಲ್ಲಿಸಲು ತಾವು ಎಡಗಾಲಿನಿಂದ ಕ್ಲಚ್ ಹುಡುಕಿದಿರಿ. ಬರೀ ತಗಡು ಸಿಕ್ಕಿತು. ಮತ್ತೆ ಮತ್ತೆ ತುಳಿದಿರಿ. ಆ ಗಾಬರಿಯಲ್ಲಿ ಬಲಗಾಲು ಪೆಡಲನ್ನು ಇನ್ನಷ್ಟು ಒತ್ತಿತು.

“ಕಾಲೆತ್ರೀ ಸಾರ್, ಬಲಗಾಲೆತ್ರೀ!” ಎಂದು ನಾನು ಕೂಗಿದೆ.

ತಾವು ಎರಡೂ ಕೈ ಎತ್ತಿದಿರಿ. ಶಾಮಿಯಾನದ ಕಂಬ ಬಿತ್ತು, ಬಟ್ಟೆ ತಮ್ಮ ಮೇಲೆ ಬಿತ್ತು, ಉಪ್ಪಿಟ್ಟಿನ ಪಾತ್ರೆ ಮಗುಚಿತು. ಕಂಪನಿಯ ಹುಡುಗ ಓಡಿ ಹೋಗಿ ಎಂಜಿನ್ ನಿಲ್ಲಿಸಿದ. ದೇವರ ದಯೆ, ಯಾರಿಗೂ ಗಾಯವಾಗಲಿಲ್ಲ. ಬಟ್ಟೆಯೊಳಗಿಂದ ಹೊರಬಂದು ತಾವು ಹೇಳಿದ ಮೊದಲ ಮಾತು: “ಈ ವಾಹನ ಮಹಿಳೆಯರಿಗೆ ಸೂಕ್ತವಲ್ಲ.”

ಆಗ ಚಿನ್ನಕ್ಕ ಕೋಲೂರಿಕೊಂಡು ಮುಂದೆ ಬಂದು ಕಂಪನಿಯ ಹುಡುಗನನ್ನು ಕೇಳಿದರು: “ಇದ್ರಾಗೆ ಎಡಗಾಲಿಗೆ ಏನ್ ಕೆಲ್ಸ ಐತಪ್ಪಾ?”

“ಏನೂ ಇಲ್ಲಮ್ಮ.”

“ಏನೂ ಇಲ್ವಾ? ಹಂಗಾರೆ ನನ್ನಂಗೇ ಐತೆ ಬಿಡು, ಇದು.”

ಜನ ನಕ್ಕರು. ಅವರು ನಗಲಿಲ್ಲ. ಸೀರೆಯ ಸೆರಗು ಸಿಕ್ಕಿಸಿ, ಕೈಬಲದಲ್ಲೇ ಮೇಲೇರಿ ಕೂತರು. ಹುಡುಗ ಒಂದು ಸಲ ತೋರಿಸಿದ. ಮೊದಲ ಸುತ್ತು ಎರಡು ಸಲ ಜರ್ಕ್ ಹೊಡೆಯಿತು. ಎರಡನೇ ಸುತ್ತಿಗೆ ಬಿದ್ದ ಶಾಮಿಯಾನದ ಕಂಬಗಳ ನಡುವೆಯೇ ಮುಂದೆ ತಂದು, ನಿಲ್ಲಿಸಿ, ಹಿಂದಕ್ಕೆ ತೆಗೆದುಕೊಂಡು ಹೋದರು. ಒಂದು ಹಗ್ಗಕ್ಕೂ ತಾಗಲಿಲ್ಲ. ಇಳಿಯುವಾಗ ಅವರ ಮುಖ ನೋಡಿದೆ. ಮೂವತ್ತೆಂಟು ವರ್ಷ ಬೇರೆಯವರು ಬಂದು ಓಡಿಸಲಿ ಎಂದು ಬದುವಿನ ಮೇಲೆ ಕೂತು ಕಾದವರ ಮುಖ ಅದು. “ಅಣ್ಣಾ, ಅರ್ಜಿ ಎಲ್ಲಿ ಕೊಡ್ತಾರೆ?” ಎಂದರು.

ಅರ್ಜಿ ಬರೆದವನು ನಾನೇ. ಹನ್ನೊಂದನೇ ಪ್ರಶ್ನೆ: ‘ಎಡಗಾಲಿನಿಂದ ಕ್ಲಚ್ ತುಳಿಯಲು ಸಮರ್ಥರೇ?’ ‘ಹೌದು ಅಂತ ಬರ್ದುಬಿಡಾನ’ ಎಂದೆ. “ಸುಳ್ಳು ಯಾಕೆ ಬರಿಯಾನ? ಸಾಹೇಬ್ರು ಕಣ್ಣಾರೆ ನೋಡ್ಯಾರಲ್ಲ” ಎಂದರು. ತಮ್ಮ ಕಣ್ಣಿನ ಮೇಲೆ ಅವರಿಗಿದ್ದ ನಂಬಿಕೆ ತಮಗೇ ಇರಲಿಲ್ಲ, ಅಧ್ಯಕ್ಷರೇ. ತಿರಸ್ಕಾರದ ಕಾಗದ ಹಿಡಿದು ನಾವಿಬ್ಬರೂ ತಮ್ಮ ಕಚೇರಿಗೆ ಬಂದಾಗ ತಾವು ಹೇಳಿದ್ದು ನೆನಪಿದೆಯೇ? “ಅರ್ಜಿ ನಮೂನೆ ಎಲ್ಲಕ್ಕೂ ಒಂದೇ ಕಣಯ್ಯ. ಗೇರಾಗಲಿ ಎಣ್ಣೆಯಾಗಲಿ, ಟ್ರ್ಯಾಕ್ಟರ್ ಅಂದಮೇಲೆ ಟ್ರ್ಯಾಕ್ಟರೇ.” ಹಾಗಾದರೆ ಎರಡು ಬಗೆ ತರಿಸಿದ್ದೇಕೆ ಸ್ವಾಮಿ? ಬಣ್ಣ ಬೇರೆ ಇರಲಿ ಎಂದೇ?

ನನ್ನ ತಪ್ಪನ್ನೂ ಹೇಳಬೇಕು. ನಿಮ್ಮ ಮೇಲಿನ ಸಿಟ್ಟಿಗೆ ನಾನೇ ಒಂದು ಹಳೆಯ ಗೇರಿನ ಟ್ರ್ಯಾಕ್ಟರಿಗೆ ಕೈಯಲ್ಲಿ ಎಳೆಯುವ ಕ್ಲಚ್ ಲಿವರ್ ಕೂರಿಸಿದೆ. ಎರಡು ತಿಂಗಳ ಕೆಲಸ. ಅಪ್ಪ ನೋಡಿ, “ಬೇಟಾ, ಆಕೆಗೆ ಎಷ್ಟು ಕೈ ಅವೆ?” ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ತೋಟದಲ್ಲಿ ಓಡಿಸಿ ನೋಡಿದೆವು. ಸಾಲಿನ ಕೊನೆಯಲ್ಲಿ ಸ್ಟೇರಿಂಗ್, ಗೇರು, ಕ್ಲಚ್ ಲಿವರ್ ಮೂರೂ ಒಟ್ಟಿಗೆ ಕೈ ಬೇಡಿದವು. ಟ್ರ್ಯಾಕ್ಟರ್ ಎರಡು ಗಿಡಗಳನ್ನು ಮುರಿದು, ಮೂರನೆಯದಕ್ಕೆ ಒರಗಿಕೊಂಡು ನಿಂತಿತು. ಚಿನ್ನಕ್ಕ ಬೈಯಲಿಲ್ಲ. ಮುರಿದ ಕೊಂಬೆ ಎತ್ತಿಕೊಂಡು, “ಬ್ಯಾಡ ಬಿಡಣ್ಣ. ನೀನು ನನಿಗೋಸ್ಕರ ಮಾಡ್ದೆ, ಆದ್ರೆ ನನ್ನ ಕೇಳ್ಲಿಲ್ಲ” ಎಂದರು. ಆ ಮಾತು ನನಗೆ ಬೈಗಳಿಗಿಂತ ಹೆಚ್ಚು ನಾಟಿತು. ತಮಗೂ ಸ್ವಲ್ಪ ನಾಟಲಿ ಎಂದು ಇಲ್ಲಿ ಬರೆದಿದ್ದೇನೆ.

ಈ ಮಳೆಗಾಲದಲ್ಲಿ ಮೋಡ ಕವಿದು ಕಾಯಿಗೆ ಚುಕ್ಕೆ ರೋಗ ಬಂತು. ಅಂಥ ಹೊತ್ತಿನಲ್ಲಿ ಎರಡು ದಿನದೊಳಗೆ ಔಷಧಿ ಹೊಡೆಯಬೇಕು. ಊರಿನ ಟ್ರ್ಯಾಕ್ಟರುಗಳೆಲ್ಲ ಶೇಂಗಾ ಬಿತ್ತನೆಗೆ ಹೋಗಿದ್ದವು. ಪಕ್ಕದ ಹೊಲದ ದೊಡ್ಡಪಾಲಯ್ಯ ಐದನೇ ದಿನ ತನ್ನ ಟ್ರ್ಯಾಕ್ಟರ್ ತಂದ. ಅಷ್ಟರಲ್ಲಿ ಕೆಳಗಿನ ಅರ್ಧ ತೋಟದ ಕಾಯಿ ಸೀಳಿ ನೆಲಕ್ಕೆ ಬಿದ್ದಿತ್ತು. ಚಿನ್ನಕ್ಕ ಒಂದೊಂದೇ ಕಾಯಿ ಆಯ್ದು ಗುಂಡಿಗೆ ಹಾಕುತ್ತಿದ್ದರು. ನಾನೂ ಕೂತು ಆಯ್ದೆ.

ಅದೇ ಐದು ದಿನ ಆ ಎಣ್ಣೆ ಟ್ರ್ಯಾಕ್ಟರ್ ಎಲ್ಲಿತ್ತು? ಮೊಳಕಾಲ್ಮೂರಿನ ತಮ್ಮ ಶೆಡ್ಡಿನಲ್ಲಿ, ಹಂಚದೆ ಉಳಿದ ಸೈಕಲ್ಲುಗಳ ಹಿಂದೆ. ಐದು ಗೇರಿನವು ಹಂಚಿಹೋದವು. ಇದನ್ನು ಕೇಳಿದ್ದು ಒಬ್ಬರೇ, ಆ ಒಬ್ಬರೇ ಅನರ್ಹರು. ಮೊನ್ನೆ ಹೋಗಿ ನೋಡಿದೆ. ಬ್ಯಾಟರಿ ಸತ್ತಿದೆ, ಒಂದು ಟೈರು ಕೂತಿದೆ, ಸೀಟಿನ ಮೇಲೆ ಕೋಳಿ ಮೊಟ್ಟೆ ಇಟ್ಟಿದೆ. ಆ ಕೋಳಿ ಯಾವ ನಮೂನೆ ತುಂಬಿತ್ತೋ ತಿಳಿಯದು.

ಆದ್ದರಿಂದ ಇದು ಬೇಡಿಕೆಯಲ್ಲ, ತಿಳಿವಳಿಕೆ ಪತ್ರ. ಬರುವ ಸೋಮವಾರ ಹನ್ನೊಂದು ಗಂಟೆಗೆ ನಾನು ಆ ಶೆಡ್ಡಿಗೆ ಬ್ಯಾಟರಿ, ಗಾಳಿ ಪಂಪು, ಐದು ಲೀಟರ್ ಡೀಸೆಲ್ ತರುತ್ತೇನೆ. ಚಿನ್ನಕ್ಕನವರು ಹೊಸ ಅರ್ಜಿ ತರುತ್ತಾರೆ. ತಾವು ಕೀಲಿಕೈ ತನ್ನಿ. ಯಾವ ಟ್ರ್ಯಾಕ್ಟರ್ ಕೊಡುತ್ತೀರೋ ಅದರ ಮೇಲೆಯೇ ಪರೀಕ್ಷೆ ಮಾಡಿ. ಪಾಸಾದರೆ ಅಲ್ಲೇ ರುಜು ಹಾಕಿ. ಕೀಲಿ ಕೊಡಲು ಮನಸ್ಸಿಲ್ಲದಿದ್ದರೆ, ಚಿನ್ನಕ್ಕನವರ ಮುಖ ನೋಡಿ ‘ಕೊಡುವುದಿಲ್ಲ’ ಎಂದು ತಮ್ಮ ಬಾಯಲ್ಲೇ ಹೇಳಿ. ಕಾಗದದಲ್ಲಿ ಬೇಡ. ಅವರು ನನ್ನಿವಾಳದಿಂದ ಎರಡು ಬಸ್ಸು ಬದಲಿಸಿ, ಕೋಲೂರಿಕೊಂಡು ಬರುವುದು ಆ ಒಂದು ಉತ್ತರಕ್ಕೇ.

ಇಂತಿ,
ಈ ಪತ್ರ ಓದಿದ ಮೇಲೆ ತಮ್ಮ ಜೀಪು ರಿಪೇರಿಗೆ ಬರುವುದಿಲ್ಲವೆಂದು ಗೊತ್ತಿದ್ದೂ ಬರೆದ,
ಶಹನವಾಜ್
ಟ್ರ್ಯಾಕ್ಟರ್ ಮೆಕ್ಯಾನಿಕ್, ಚಳ್ಳಕೆರೆ