ಎಡಗೈಯ ಲಿಂಗ

12-11-79. ಬೆಳಿಗ್ಗೆ

ಪೂಜೆ ಆಯಿತು. ಎಡಗೈಯಲ್ಲಿದ್ದ ಲಿಂಗವನ್ನು ಕರಡಿಗೆಯಲ್ಲಿಟ್ಟು, ಶಿವದಾರ ಕೊರಳಿಗೆ ಹಾಕಿಕೊಂಡೆ. ಕಾಯಿ ಸುಲಿಯುವ ಕೆಂಚಯ್ಯ ಇವತ್ತೂ ಬರಲಿಲ್ಲ. ಸೋಮಾರಿ.

ತಮ್ಮ ಕರಿಬಸವಯ್ಯ ಹಡಗಿನ ಸಮೇತ ಮುಳುಗಿ ಐದು ತಿಂಗಳು. ಎಂಜಿನ್ ಫಿಟ್ಟರ್ ಆಗಿದ್ದ. ಹೆಣ ಸಿಕ್ಕಿಲ್ಲ. ಅವನ ಹೆಂಡತಿ ಚಿಕ್ಕಗೌರಮ್ಮ ತಾಳಿ ತೆಗೆದಿಲ್ಲ.

"ಮಣ್ಣು ಮಾಡ್ದೆ ನಾನ್ಯಾಕ್ ತೆಗೀಲಿ ಭಾವ?"

ಗದರಿದೆ. ಎಡಗೈಯಲ್ಲಿ ಲಿಂಗವಿಟ್ಟು ಅಪ್ಪನನ್ನು ಕೂರಿಸಿದ ಸಮಾಧಿ ಪಕ್ಕದ ಜಾಗ ಖಾಲಿ ಇದೆ...

15-11-79

ತಿಪಟೂರಿನಲ್ಲಿ ರೈಲಿಳಿದು, ಬಸ್ಸು ಹಿಡಿದು ಒಬ್ಬ ಮುದುಕ ಬಂದ. ಮಂಗಳೂರಿನ ಕ್ಯಾಪ್ಟನ್. ಕ್ರಿಶ್ಚಿಯನ್. ಮುಳುಗಿದ ಹಡಗು ಎತ್ತುವುದು ಕಸುಬು.

ಜೇಬಿನಿಂದ ಬೆಳ್ಳಿ ಕರಡಿಗೆ ತೆಗೆದ. ತಮ್ಮನದೇ. ಅಪ್ಪ ಕೆತ್ತಿಸಿದ್ದ ಅಕ್ಷರ: ಕ.ಬ., ಹಂದನಕೆರೆ. "ಒಳಗೆ ಒಂದು ಕಲ್ಲುಂಟು" ಎಂದ.

"ಕಲ್ಲಂತೆ! ದೇವ್ರು ಕಣ್ರೀ ಅದು."

ಶಿವದಾರ ನೋಡಿದೆ. ಕೊಳೆತು ಹರಿದಿರಲಿಲ್ಲ. ಚಾಕುವಿನಲ್ಲಿ ಕುಯ್ದಿತ್ತು.

"ಕೊಳ್ನಾಗಿಂದ ಕುಯ್ಕಂಡ್ರಾ? ಹಂಗಾರೆ ಹೆಣ ಕಂಡಿದೀರಿ! ಯಾಕ್ ಬುಟ್ ಬಂದ್ರಿ?"

ಮುದುಕ ತಲೆ ತಗ್ಗಿಸಿದ. "ಬೆಳ್ಳಿ ಅಂತ ಡೈವರ್ ತಂದ. ಹೆಣದ ಸೊಂಟದ ಮೇಲೆ ಕಬ್ಬಿಣದ ತೊಲೆ ಉಂಟು ಮಾರಾಯ್ರೆ. ಕಂಪನಿ ಕ್ರೇನ್ ಕೊಡುವುದಿಲ್ಲ. ನನಗೆ ಕಲಿಸಿದ ಕ್ಯಾಪ್ಟನ್ನರೂ ಹೇಳಿದ್ದು ಇದೇ, ಅವರಿಗೆ ಕಲಿಸಿದವರೂ ಇದೇ. ತಾಮ್ರ ಎತ್ತಿದರೆ ಕೂಲಿ, ಹೆಣಕ್ಕೆ ಇಲ್ಲ."

ಹೊಡೆಯಲು ಎದ್ದೆ. ಚಿಕ್ಕಗೌರಮ್ಮ ಅಡ್ಡ ಬಂದಳು. ಊಟಕ್ಕೂ ಅವಳೇ ಕೂರಿಸಿದಳು. ಮುದುಕ ಮುದ್ದೆ ಜಗಿಯುತ್ತಿದ್ದ.

"ನುಂಗ್ರೀ. ಹಡಗು ಎತ್ತೋರ್ಗೆ ಮುದ್ದೆ ನುಂಗಕ್ ಬರಲ್ವಾ?" ಎಂದೆ.

16-11-79

ಹೊಸ ಶಿವದಾರ ಕಟ್ಟಿ ಕರಡಿಗೆ ವಾಪಸ್ ಕೊಟ್ಟೆ. ಲಿಂಗ ಒಂದು ಕಡೆ, ಮೈ ಒಂದು ಕಡೆ ಆಗಬಾರದು.

"ಕರಡಿಗೆ ಬಿಚ್ಚಿ ಲಿಂಗ ಅವ್ನ ಕೈಲಿಡ್ಸಿ. ನೀರ್ನೇ ಮಣ್ಣು ಅಂದ್ಕತೀವಿ."

ಬರುವ ವಾರ ಆ ಹಡಗನ್ನು ಕತ್ತರಿಸುತ್ತಾರಂತೆ. ಆಮೇಲೆ ಉಳಿದದ್ದು ಆಳಕ್ಕೆ. "ಅದಕ್ಕೆ ಮೊದಲು ಇಡಿಸುತ್ತೇನೆ. ಕೂಲಿ ಬೇಡ" ಎಂದ. ಕೈ ಮುಗಿದ. ನಾನು ಮುಗಿಯಲಿಲ್ಲ.

29-11-79

ಮುದುಕನ ಪತ್ರ ಇಲ್ಲ. ಪೋಸ್ಟ್‌ಮ್ಯಾನಿಗೆ ಬೈದೆ.

6-12-79. ಮಧ್ಯಾಹ್ನ

ಪತ್ರ ಬಂತು. ಚಿಕ್ಕಗೌರಮ್ಮನಿಗೆ ಓದು ಬರದು. ಕಂಬ ಹಿಡಿದು ನಿಂತಳು.

"ಇಟ್ರಂತಾ ಭಾವ?"

"ಇಟ್ರಂತೆ."

"ಎಡಗೈಲಿ ತಾನೇ?"

"ಇನ್ಯಾವ್ ಕೈಲಿಡ್ತಾರೆ? ಹೋಗವ್ವ ಒಳಕ್ಕೆ!"

ತಾಳಿ ಬಿಚ್ಚಿ ನನ್ನ ಮುಂದೆ ಇಟ್ಟಳು. ಹೋದಳು. ಅಳು ಕೇಳಿಸುತ್ತಿದೆ. ಇಷ್ಟು ತಿಂಗಳಲ್ಲಿ ಇದೇ ಮೊದಲು.

ಮತ್ತೆ ಓದಿದೆ. ಹಡಗು ಕತ್ತರಿಸಿ ಆಗಿದೆಯಂತೆ. ಇನ್ನು ಇಳಿಯಲು ಏನೂ ಉಳಿದಿಲ್ಲ. ಮೇಲಿನ ಸಾಲು: 'ಎಡಗೈ ಹತ್ತಿರವೇ ಇತ್ತು. ಆದರೆ ದೇವರನ್ನು ಎಡಗೈಯಲ್ಲಿ ಇಡುವುದು ಗೌರವವಲ್ಲವೆಂದು, ತೊಲೆಯ ಅಡಿಯಿಂದ ಕಷ್ಟಪಟ್ಟು ಬಲಗೈ ಹುಡುಕಿ, ಕೈಗವಸಿನೊಳಗೆ...'

ಅವತ್ತು ಕರಡಿಗೆ ಕೊಡುವಾಗ, ಎಡಗೈ ಅಂತ ಒಂದು ಮಾತು ನಾನು ಹೇಳಿದ್ದರೆ—