ಸನ್ಮಾನ ಬೇಡ, ಸಾಬಣ್ಣ ಎಲ್ಲಿದ್ದಾನೆ ಹೇಳಿ

ಸನ್ಮಾನ ಸಮಾರಂಭವನ್ನೂ ಊರಿನ ಶಾಂತಿಪಾಲನೆಯನ್ನೂ ಒಂದೇ ಹೆಗಲ ಮೇಲೆ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ತುರ್ತು ಪರಿಸ್ಥಿತಿಯಲ್ಲಿ ಜೈಲು ಕಂಡವರ ಮಕ್ಕಳಿಗೆ ತಾವು ಶಾಲು ಹೊದಿಸುತ್ತೀರಂತೆ. ನನ್ನನ್ನೂ ಕರೆದಿದ್ದೀರಿ. ನಾನು ಬರುವುದಿಲ್ಲ. ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನ ಎದುರು ಕಟ್ಟಡ ಏಳುತ್ತಿದೆ. ಅಲ್ಲಿನ ಶೆಡ್ಡಿನಿಂದ ಸಾಬಣ್ಣ ಎಂಬ ಗಾರೆ ಕೆಲಸದವನನ್ನು ನಿಮ್ಮವರು ವಿಚಾರಣೆಗೆಂದು ಎತ್ತಿಕೊಂಡು ಹೋದರು. ಅವನೆಲ್ಲಿದ್ದಾನೆಂದು ಅವನ ಹೆಂಡತಿ ಹಂಪಮ್ಮನಿಗೆ ಇವತ್ತಿನವರೆಗೂ ಯಾರೂ ಹೇಳಿಲ್ಲ. ಠಾಣೆಯಲ್ಲಿ ಕೇಳಿದರೆ ಆ ಹೆಸರಿನವರು ಇಲ್ಲವೇ ಇಲ್ಲವಂತೆ!

ಅವನ ಅಪರಾಧ ಘೋರವಾದದ್ದೇ ಬಿಡಿ. ಜೊತೆಯವನೊಬ್ಬ ಮೇಲಿನ ಅಂತಸ್ತಿನಿಂದ ಬಿದ್ದು ಸತ್ತಾಗ ಉಳಿದವರನ್ನು ಕರೆದುಕೊಂಡು ಗೇಟಿನ ಮುಂದೆ ಸುಮ್ಮನೆ ಕೂತ. ಕೂಲಿಯವರು ನೆಲದ ಮೇಲೆ ಕೂತರೆ ರಾಜ್ಯವೇ ಅಲ್ಲಾಡುತ್ತದೆಂದು ನನ್ನಂಥ ನಿವೃತ್ತ ಟೀಚರಿಗೆ ಹೇಗೆ ಗೊತ್ತಾಗಬೇಕು?

ಅವನಿಗೆ ಭಾಗ್ಯಶ್ರೀ ಎಂಬ ಪುಟ್ಟ ಮಗಳಿದ್ದಾಳೆ. ಮರಳಿನ ಗುಡ್ಡೆಯ ಮೇಲೆ ಓರಗೆಯ ಮಕ್ಕಳೊಂದಿಗೆ ಕುಣಿಯುತ್ತಿದ್ದವಳು ಈಗ ಒಬ್ಬಳೇ ಕೂತಿರುತ್ತಾಳೆ. "ಅಪ್ಪ ಎಲ್ಲವ್ವಾ?" ಎಂದೆ. ನನ್ನ ಮಾತು ಮುಗಿಯುವ ಮೊದಲೇ "ಊರಿಗೆ ಹೋಗ್ಯಾನ್ರಿ" ಎಂದಳು. ಹಂಪಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡು, "ನಾನೇ ಹಂಗ ಹೇಳಂತ ಕಲಿಸೀನ್ರಿ ಅಕ್ಕಾರ. ಇಲ್ಲಾಂದ್ರ ಇಕಿ ಕೂಡ ಆಡಾಕ ಯಾರೂ ಹುಡುಗರ್ನ ಬಿಡಂಗಿಲ್ರಿ" ಎಂದಳು. ಕಲಿಸಿದರೂ ಯಾರೂ ಬಿಟ್ಟಿಲ್ಲ.

ಆ ಉತ್ತರ ನನಗೆ ಹೊಸದಲ್ಲ. ನನ್ನ ಅಪ್ಪ ಹಣಮಂತರಾಯರು ರೈಲ್ವೆ ಯೂನಿಯನ್ನಿನವರು. ತುರ್ತು ಪರಿಸ್ಥಿತಿಯಲ್ಲಿ ಕಾಚಿಗೂಡದ ಮನೆಯಿಂದ ಪೊಲೀಸರು ಅವರನ್ನು ಒಯ್ದಾಗ ನಾನಿನ್ನೂ ಶಾಲೆಗೆ ಸೇರಿರಲಿಲ್ಲ. ಅವ್ವ ಉಮಾಬಾಯಿ ನನಗೂ ಇದೇ ಪಾಠ ಕಲಿಸಿದಳು, ಅದೂ ತೆಲುಗಿನಲ್ಲಿ, ಹೊರಗಿನವರಿಗೆ ಹೇಳುವುದಕ್ಕೆ. ಆ ದಸರೆಯ ಸಂಜೆ ಅವಳು ತಟ್ಟೆಯಲ್ಲಿ ಬನ್ನಿ ಎಲೆ ಇಟ್ಟು, "ಬಾಗಲಾ ಹಾಕಬ್ಯಾಡವ್ವಾ, ಬನ್ನಿ ಕೊಡಾಕ ಯಾರರೆ ಬರ್ತಾರ" ಎಂದಳು. ನಮ್ಮ ಸಾಲಿನಲ್ಲೇ ಎಷ್ಟೊಂದು ಕನ್ನಡದ ಮನೆಗಳಿದ್ದವು! ಜಗಳವಾಡಿದವರೂ ಅವತ್ತು ಬನ್ನಿ ಕೊಟ್ಟು ರಾಜಿಯಾಗುತ್ತಾರೆ. ಎಲ್ಲರೂ ನಮ್ಮ ಬಾಗಿಲು ಬಿಟ್ಟು ಮುಂದಿನ ಮನೆಗೆ ಹೋದರು. ಅವರನ್ನು ನಾನು ಬಯ್ಯುವುದಿಲ್ಲ, ಅವರಿಗೂ ಮಕ್ಕಳಿದ್ದರು. ಅವ್ವ ಕಡೆಗೆ ನನ್ನ ಕೈಗೇ ಬನ್ನಿ ಕೊಟ್ಟು, "ಬಂಗಾರದಂಗ ಇರೂಣವ್ವಾ" ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತಳು.

ಇನ್ನೊಂದು ದಸರೆಯೂ ಹಾಗೇ ಕಳೆಯಿತು. ಆಮೇಲೊಂದು ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆಗೆದೆ. ಗಡ್ಡ ಬಿಟ್ಟ, ಎಲುಬು ಎದ್ದ ಒಬ್ಬ ಮನುಷ್ಯ ನಿಂತಿದ್ದ. ಅವನು ಏನೂ ಕೇಳುವ ಮೊದಲೇ ನಾನು ಒಪ್ಪಿಸಿಬಿಟ್ಟೆ: "ಮಾ ನಾನ್ನ ಊರಿಕಿ ಪೋಯಿಂಡು." ನಮ್ಮಪ್ಪ ಊರಿಗೆ ಹೋಗಿದ್ದಾನೆ.

ಆ ಮನುಷ್ಯ ಅಲ್ಲೇ ಮೆಟ್ಟಿಲ ಮೇಲೆ ಕೂತ. "ಹೌದವ್ವಾ, ಊರಿಗೆ ಹೋಗಿದ್ದೆ. ಈಗ ಬಂದೀನಿ" ಎಂದ.

ಮಾನ್ಯರೇ, ಅಪ್ಪ ಆಮೇಲೆ ಬಹಳ ವರ್ಷ ಬದುಕಿದರು. ನಮ್ಮಿಬ್ಬರ ನಡುವೆ ಆ ಮೆಟ್ಟಿಲು ಇದ್ದೇ ಇತ್ತು. ನಾನು ಅವರ ತೊಡೆ ಏರಲಿಲ್ಲ, ಅವರೂ ಕರೆಯಲಿಲ್ಲ. ಅವರು ಹೋದ ಮೇಲೆ ನಾನು ಅತ್ತದ್ದು ಅವರಿಗಾಗಿಯೋ, ನನಗೆ ಸಿಗದೇ ಹೋದ ಅಪ್ಪನಿಗಾಗಿಯೋ, ಈಗಲೂ ತಿಳಿಯದು. ಇದಕ್ಕೆ ಹೊದಿಸುವಂಥ ಶಾಲು ನಿಮ್ಮಲ್ಲಿದೆಯೇ? ಅಥವಾ ಅರ್ಧ ಶತಮಾನ ಕಳೆದ ಮೇಲೆಯೇ ಸರ್ಕಾರಕ್ಕೆ ಮಕ್ಕಳು ಕಣ್ಣಿಗೆ ಬೀಳುವುದೇ? ಹಾಗಿದ್ದರೆ ಭಾಗ್ಯಶ್ರೀಯ ಸರದಿ ಬರುವ ಹೊತ್ತಿಗೆ ಅವಳಿಗೂ ತಲೆ ನರೆತಿರುತ್ತದೆ.

ಅಲ್ಲಿಯವರೆಗೆ ಕಾಯಿಸಬೇಡಿ. ಸಾಬಣ್ಣ ಎಲ್ಲಿದ್ದಾನೆಂದು ಹಂಪಮ್ಮನಿಗೆ ಇವತ್ತೇ ಹೇಳಿ. ತಪ್ಪಿದ್ದರೆ ನ್ಯಾಯಾಲಯದ ಮುಂದೆ ನಿಲ್ಲಿಸಿ, ಇಲ್ಲದಿದ್ದರೆ ಮನೆಗೆ ಕಳಿಸಿ. ಅದಕ್ಕೂ ಮೊದಲು ಮಗಳನ್ನು ಕರೆಸಿ ಅವನ ಮುಖ ತೋರಿಸಿ. ಅವಳಿಗೆ ಆ ಮುಖ ಇನ್ನೂ ನೆನಪಿದೆ.

ಇಂತಿ,
ಸನ್ಮಾನಕ್ಕೆ ಯೋಗ್ಯಳೆಂದು ತಮಗೆ ಇಷ್ಟು ತಡವಾಗಿ ಗೊತ್ತಾದ,
ಹಣಮಂತರಾಯರ ಮಗಳು ಶಿವಗಂಗಾ
ಮಣಿಕೊಂಡ, ಹೈದರಾಬಾದ್